ಉತ್ತರನ ಪೌರುಷವೂ ವಲಲನ ತೋಳೂ

‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ಕನ್ನಡಿಗರ ಮನೆಮನೆಯಲ್ಲಿಯೂ ಬಳಕೆಯಲ್ಲಿದೆ. ಅಂತಃಪುರದ ಹೆಂಗಳೆಯರ ನಡುವೆ ನಿಂತು ಕೌರವರನ್ನು ಹುಲ್ಲಿಗೆ ಸಮನಾಗಿ ಎಣಿಸಿದ ವಿರಾಟನ ಮಗ, ಆ ಸೇನೆಯನ್ನು ಕಣ್ಣಾರೆ ಕಂಡೊಡನೆ ರಥದಿಂದ ಧುಮುಕಿ ಓಡಿದ ಕಥೆಯನ್ನು ಕೇಳದ ಮಕ್ಕಳಿಲ್ಲ. ಅದೇ ವಿರಾಟಪರ್ವದಲ್ಲಿ ಮತ್ತೊಂದು ಪ್ರಸಂಗವಿದೆ. ಅದು ಅಷ್ಟಾಗಿ ಗಾದೆಯ ಬಾಯಿಗೆ ಬಿದ್ದಿಲ್ಲ. ಉತ್ಸವದ ಕಾಲದಲ್ಲಿ ಜೀಮೂತನೆಂಬ ಮಲ್ಲನು ಮತ್ಸ್ಯನಗರಿಯ ಕಣಕ್ಕಿಳಿದು ಸುತ್ತಲಿನವರನ್ನೆಲ್ಲ ಕಾಳಗಕ್ಕೆ ಕರೆದ. ಅವನ ಹೆಸರು ಕೇಳಿಯೇ ಎಲ್ಲರೂ ಹಿಂದೆ ಸರಿದರು. ಕೊನೆಗೆ ಅರಸನು ತನ್ನ ಅಡುಗೆಯವನಾದ ವಲಲನನ್ನು ಕಣಕ್ಕಿಳಿಸಿದ. ವಲಲನ ವೇಷದಲ್ಲಿ ಇದ್ದವನು ಭೀಮಸೇನ. ಜೀಮೂತನ ಕೀರ್ತಿ ಅಂದಿಗೆ ಮುಗಿಯಿತು.

ಈ ಇಬ್ಬರಲ್ಲಿ ಭೇದವಿದೆ. ಉತ್ತರನದು ಬರಿಯ ಬಾಯಿ. ಜೀಮೂತನಲ್ಲಿಯಾದರೋ ಬಲವೂ ಇತ್ತು, ಧೈರ್ಯವೂ ಇತ್ತು. ಆದರೆ ತಕ್ಕ ಎದುರಾಳಿಯಿಲ್ಲದ ಕಣದಲ್ಲಿ ಆ ಬಲದ ಅಳತೆ ಆಗಿರಲಿಲ್ಲ. ಅಳೆಯದ ಬಲವನ್ನು ಅಳೆದ ಬಲವೆಂದು ಲೋಕ ನಂಬಿತ್ತು. ಮುಷ್ಟಿಯುದ್ಧದ ಕಣದಲ್ಲಿ ಹುಸಿಕೀರ್ತಿಯೆಂದರೆ ಬಹುಮಟ್ಟಿಗೆ ಇದೇ. ಉತ್ತರಕುಮಾರರನ್ನು ಗುರುತಿಸುವುದು ಸುಲಭ. ಜೀಮೂತರನ್ನು ಗುರುತಿಸುವುದು ಕಷ್ಟ.

ಬಾಕ್ಸಿಂಗ್ ಎಂದರೆ ದಂಡಿನ ಕಡೆಯವರ ಆಟವೆಂದು ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಿರಿಯರು ಒಂದು ಕಾಲದಲ್ಲಿ ಅದನ್ನು ದೂರವೇ ಇಟ್ಟಿದ್ದರು. ಈಗ ಕಾಲ ಬದಲಾಗಿದೆ. ಅಮೆರಿಕದಲ್ಲಿ ಶನಿವಾರ ರಾತ್ರಿ ನಡೆಯುವ ಪಂದ್ಯ ಇಲ್ಲಿ ಭಾನುವಾರ ಬೆಳಗಿನ ಕಾಫಿಯ ಹೊತ್ತಿಗೆ ನಡುಮನೆಗೇ ಬಂದಿಳಿಯುತ್ತದೆ. ಕೈಯಲ್ಲಿ ಫೋನು ಹಿಡಿದ ಮಗ, ‘ಇವನನ್ನು ಸೋಲಿಸುವವರು ಹುಟ್ಟಿಲ್ಲ, ಅಪ್ಪ’ ಎನ್ನುತ್ತಾನೆ. ತಂದೆ ಪತ್ರಿಕೆಯಿಂದ ತಲೆಯೆತ್ತದೆ, ‘ಎಲ್ಲ ದುಡ್ಡಿನ ಆಟವಪ್ಪ’ ಎನ್ನುತ್ತಾರೆ. ಇಬ್ಬರ ಮಾತಿನಲ್ಲಿಯೂ ಸತ್ಯದ ಅಂಶವಿದೆ. ಇಬ್ಬರ ಮಾತೂ ಪೂರ್ಣಸತ್ಯವಲ್ಲ. ಹೊಗಳಿಕೆಯೆಲ್ಲ ಸುಳ್ಳೆಂದು ತಳ್ಳಿಹಾಕುವವನು ನಿಜವಾದ ಸಾಧಕನಿಗೆ ಅನ್ಯಾಯ ಮಾಡುತ್ತಾನೆ. ಹೊಗಳಿಕೆಯೆಲ್ಲ ನಿಜವೆಂದು ನಂಬುವವನು ತನಗೆ ತಾನೇ ಅನ್ಯಾಯ ಮಾಡಿಕೊಳ್ಳುತ್ತಾನೆ. ಇವೆರಡರ ನಡುವೆ ವಿವೇಕದ ದಾರಿಯೊಂದು ಇದ್ದೇ ಇದೆ.

ಹುಸಿಕೀರ್ತಿ ಬೇರೆ ಆಟಗಳಿಗಿಂತ ಈ ಆಟದಲ್ಲಿ ಹೆಚ್ಚಾಗಿ ಬೆಳೆಯುವುದಕ್ಕೆ ಕಾರಣವುಂಟು. ರಣಜಿ ಪಂದ್ಯದಲ್ಲಿ ಆಡುವ ದಾಂಡಿಗನು ತನಗೆ ಇಂಥ ಬೌಲರೇ ಬೇಕೆಂದು ಆರಿಸಿಕೊಳ್ಳಲಾರ. ಪಟ್ಟಿಯಲ್ಲಿ ಯಾವ ತಂಡ ಬರುವುದೋ ಅದನ್ನೇ ಎದುರಿಸಬೇಕು. ವೃತ್ತಿಪರ ಮುಷ್ಟಿಯುದ್ಧದಲ್ಲಿ ಹಾಗಿಲ್ಲ. ಅಲ್ಲಿ ಪ್ರತಿಯೊಂದು ಪಂದ್ಯವೂ ಒಂದು ಒಪ್ಪಂದ. ಯಾರೊಡನೆ, ಯಾವಾಗ, ಎಷ್ಟು ತೂಕಕ್ಕೆ, ಎಷ್ಟು ಸುತ್ತು, ಎಷ್ಟು ಹಣಕ್ಕೆ ಎಂಬುದನ್ನೆಲ್ಲ ಮ್ಯಾನೇಜರುಗಳೂ ಪಂದ್ಯ ಏರ್ಪಡಿಸುವವರೂ ಕುಳಿತು ನಿರ್ಧರಿಸುತ್ತಾರೆ. ಒಂದು ಕಾಲದಲ್ಲಿ ಎಂಟು ತೂಕಗಳಿದ್ದವು, ತೂಕಕ್ಕೊಬ್ಬ ಜಗಜ್ಜೇತನಿರುತ್ತಿದ್ದ. ಈಗ ತೂಕದ ವರ್ಗಗಳು ಸಾಮಾನ್ಯವಾಗಿ 17. ಪಟ್ಟ ಕಟ್ಟುವ ಮುಖ್ಯ ಸಂಸ್ಥೆಗಳು 4. ಲೆಕ್ಕ ಹಾಕಿದರೆ 68 ಸಿಂಹಾಸನಗಳಾದುವು. ಇವುಗಳಲ್ಲದೆ ಖಂಡಕ್ಕೊಂದು, ಪ್ರಾಂತಕ್ಕೊಂದು, ಮಧ್ಯಂತರಕ್ಕೊಂದು ಎಂದು ಉಪಪಟ್ಟಗಳೂ ಇವೆ. ಆದ್ದರಿಂದ ಸೊಂಟದ ಮೇಲೆ ಹೊಳೆಯುವ ಪಟ್ಟಿಯನ್ನು ನೋಡಿದಾಕ್ಷಣ ಬೆರಗಾಗದೆ, ‘ಇದನ್ನು ಯಾರಿಂದ ಗೆದ್ದ?’ ಎಂದು ಕೇಳುವುದು ಜಾಣತನ.

ಈ ಪ್ರಶ್ನೆ ಕನ್ನಡನಾಡಿನ ಗರಡಿಗಳಿಗೆ ಹೊಸದಲ್ಲ. ಬೆಂಗಳೂರಿನ ಪೇಟೆಯ ಹಳೆಯ ಗರಡಿಮನೆಗಳಲ್ಲಿಯೂ ಮೈಸೂರಿನ ಗರಡಿಗಳಲ್ಲಿಯೂ ಕುಸ್ತಿ ಕಲಿತ ಹಿರಿಯರು ‘ಜೋಡಿ’ ಎಂಬ ಮಾತನ್ನು ಬಹಳ ಗೌರವದಿಂದ ಆಡುತ್ತಾರೆ. ಮೈಸೂರು ದಸರಾ ಕುಸ್ತಿಗೆ ಮುನ್ನ ಜೋಡಿ ಕಟ್ಟುವ ಕಾರ್ಯವೇ ಪ್ರತ್ಯೇಕವಾಗಿ ನಡೆಯುತ್ತದೆ. ಪೈಲ್ವಾನರು ಬಂದು ನಿಲ್ಲುತ್ತಾರೆ. ಅನುಭವಸ್ಥರು ಅವರ ತೂಕ, ವಯಸ್ಸು, ಹಿಂದೆ ಹಿಡಿದ ಕುಸ್ತಿಗಳು ಇವನ್ನೆಲ್ಲ ತೂಗಿನೋಡಿ, ಇಂಥವನಿಗೆ ಇಂಥವನು ಎಂದು ಜೋಡಿ ಗೊತ್ತುಮಾಡುತ್ತಾರೆ. ಎಳೆಯನನ್ನು ಹಳಬನ ಮುಂದೆ ತಳ್ಳುವುದು ಪಾಪ. ಹಳಬನಿಗೆ ಎಳೆಯನನ್ನು ಕೊಟ್ಟು ಚಪ್ಪಾಳೆ ಗಿಟ್ಟಿಸುವುದು ಅದಕ್ಕಿಂತ ಹೆಚ್ಚಿನ ಪಾಪ. ಜೋಡಿ ಸರಿಯಿದ್ದರೆ ಗೆದ್ದವನ ಗೆಲುವಿಗೆ ಬೆಲೆ, ಸೋತವನ ಸೋಲಿಗೂ ಮರ್ಯಾದೆ. ಜೋಡಿಯೇ ತಪ್ಪಿದ್ದರೆ ಯಾರು ಚಿತ್ತಾದರೂ ಅದರಿಂದ ತಿಳಿಯುವುದು ಏನೂ ಇಲ್ಲ.

ಮುಷ್ಟಿಯ ಕಾಳಗವೂ ಈ ನಾಡಿಗೆ ಪರದೇಶದ ವಸ್ತುವಲ್ಲ. ವಿಜಯದಶಮಿಯಂದು ಮೈಸೂರಿನ ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜೆಟ್ಟಿಗಳು ಬರುತ್ತಾರೆ. ತಲೆ ಬೋಳಿಸಿಕೊಂಡು, ಕೈಬೆರಳಿಗೆ ವಜ್ರಮುಷ್ಟಿಯನ್ನು ಧರಿಸಿ ನಿಲ್ಲುತ್ತಾರೆ. ತಲೆಯಲ್ಲಿ ಮೊದಲ ರಕ್ತದ ಹನಿ ಕಂಡೊಡನೆ ಕಾಳಗ ಮುಗಿಯಿತು. ಕೆಲವೊಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿಯೇ ಮುಗಿಯುವುದುಂಟು. ಅಲ್ಲಿ ಯಾರೂ ‘ನಾನೇ ಲೋಕೈಕವೀರ’ ಎಂದು ಸಾರುವುದಿಲ್ಲ. ಗೆಲವು ಸೋಲುಗಳಿಗಿಂತ ಸೇವೆ ದೊಡ್ಡದೆಂಬ ಭಾವನೆ. ಅಲ್ಲಿಯೂ ಜೋಡಿಯನ್ನು ಮೊದಲೇ ನೋಡಿ ನಿಶ್ಚಯಿಸುವ ಪದ್ಧತಿಯಿದೆ.

ಕುಸ್ತಿಯ ಕಣಕ್ಕೆ ಹೋಗದ ಮನೆಗಳಲ್ಲಿಯೂ ಈ ವಿವೇಕ ಬೇರೊಂದು ರೂಪದಲ್ಲಿ ಇದೆ. ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿಯು 1939ರಲ್ಲಿ ಆರಂಭಿಸಿದ ರಾಮೋತ್ಸವದ ಕಚೇರಿಗಳನ್ನು ಕೋಟೆ ಹೈಸ್ಕೂಲಿನ ಮೈದಾನದಲ್ಲಿ ತಲೆಮಾರುಗಳಿಂದ ಕೇಳುತ್ತ ಬಂದ ರಸಿಕರು ವಿದ್ವಾಂಸನೊಬ್ಬನನ್ನು ಅಳೆಯುವ ಬಗೆಯನ್ನು ನೋಡಬೇಕು. ಶಾರೀರ ಎಷ್ಟು ದೊಡ್ಡದು, ಚಪ್ಪಾಳೆ ಎಷ್ಟು ಬಿತ್ತು ಎಂಬುದು ಅವರ ಅಳತೆಗೋಲಲ್ಲ. ಪಕ್ಕವಾದ್ಯಕ್ಕೆ ಯಾರು ಕುಳಿತಿದ್ದಾರೆ, ಮೃದಂಗದವನು ಲಯದಲ್ಲಿ ಒಂದು ಕಠಿಣವಾದ ಪ್ರಶ್ನೆಯನ್ನೆತ್ತಿದಾಗ ಹಾಡುವವನು ಹೇಗೆ ಉತ್ತರ ಕೊಟ್ಟ, ಪಿಟೀಲಿನವನು ರಾಗವನ್ನು ತನಗಿಂತ ಚೆನ್ನಾಗಿ ಬೆಳೆಸಿದಾಗ ಕುಗ್ಗಿದನೇ ಹಿಗ್ಗಿದನೇ ಎಂಬುದನ್ನು ಅವರು ಗಮನಿಸುತ್ತಾರೆ. ಬಡ ಪಕ್ಕವಾದ್ಯದವರನ್ನೇ ಆರಿಸಿಕೊಂಡು ಮೆರೆಯುವ ಗಾಯಕನಿಗೂ ಬಡ ಎದುರಾಳಿಗಳನ್ನೇ ಆರಿಸಿಕೊಂಡು ಮೆರೆಯುವ ಬಾಕ್ಸರನಿಗೂ ಭೇದವೇನಿದೆ?

ಜೋಡಿ ತಪ್ಪಿದ ಕೀರ್ತಿ ಒಬ್ಬ ಮನುಷ್ಯನನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಪ್ರೀಮೊ ಕಾರ್ನೆರಾನ ಬಾಳಿಗಿಂತ ಕರುಣಾಜನಕವಾದ ದೃಷ್ಟಾಂತ ಸಿಕ್ಕಲಾರದು. ಈತ 1906ರಲ್ಲಿ ಇಟಲಿಯ ಸೆಕ್ವಾಲ್ಸ್ ಎಂಬ ಹಳ್ಳಿಯ ಬಡ ಕುಟುಂಬದಲ್ಲಿ ಹುಟ್ಟಿದವನು. ಆಳು ಬೆಳೆದು ಆರೂವರೆ ಅಡಿಗೆ ಸಮೀಪವಾದ. ತೂಕ 120 ಕಿಲೋ ಆಸುಪಾಸು. ಫ್ರಾನ್ಸಿನ ಸರ್ಕಸ್ಸೊಂದರಲ್ಲಿ ಬಲಪ್ರದರ್ಶನ ಮಾಡಿ ಹೊಟ್ಟೆ ಹೊರೆಯುತ್ತಿದ್ದವನನ್ನು ಕಂಡವರು, ಈ ಮೈಕಟ್ಟಿನಲ್ಲಿ ಹಣವಿದೆಯೆಂದು ಲೆಕ್ಕ ಹಾಕಿದರು. 1928ರಲ್ಲಿ ಪ್ಯಾರಿಸ್ಸಿನಲ್ಲಿ ಗವಸು ತೊಡಿಸಿ ಕಣಕ್ಕಿಳಿಸಿದರು. 1930ರಲ್ಲಿ ಅವನನ್ನು ಅಮೆರಿಕಕ್ಕೆ ಕರೆದೊಯ್ದರು. ಅಲ್ಲಿ ಊರೂರು ಸುತ್ತಿಸಿ, ಒಬ್ಬರ ಮೇಲೊಬ್ಬರಂತೆ ಎದುರಾಳಿಗಳನ್ನು ಮೊದಲ ಸುತ್ತುಗಳಲ್ಲಿಯೇ ಬೀಳಿಸಿದನೆಂದು ಡಂಗುರ ಹೊಡೆಯಿಸಿದರು. ಅವನ ವ್ಯವಹಾರ ನ್ಯೂಯಾರ್ಕಿನ ಭೂಗತ ಲೋಕದವರ ಹಿಡಿತದಲ್ಲಿತ್ತು. ಬಿದ್ದವರಲ್ಲಿ ಹಲವರು ಏಟಿಗೆ ಬಿದ್ದರೋ ಹಣಕ್ಕೆ ಬಿದ್ದರೋ ಎಂಬ ಅನುಮಾನ ಆಗಲೇ ಎದ್ದಿತ್ತು. ಇಂದಿಗೂ ಅದು ಹೋಗಿಲ್ಲ.

1933ರ ಫೆಬ್ರವರಿಯಲ್ಲಿ ಅರ್ನಿ ಶಾಫ್ ಎಂಬವನೊಡನೆ ಪಂದ್ಯ. 13ನೆಯ ಸುತ್ತಿನಲ್ಲಿ ಶಾಫ್ ಕುಸಿದುಬಿದ್ದ. ಪ್ರೇಕ್ಷಕರಲ್ಲಿ ಅನೇಕರು ಇದೂ ನಾಟಕವೆಂದೇ ತಿಳಿದು ಧಿಕ್ಕಾರ ಕೂಗಿದರು. ನಾಲ್ಕು ದಿನಗಳ ಬಳಿಕ ಶಾಫ್ ಆಸ್ಪತ್ರೆಯಲ್ಲಿ ತೀರಿಕೊಂಡ. ಹಿಂದಿನ ವರ್ಷ ಮ್ಯಾಕ್ಸ್ ಬೇರನಿಂದ ತಿಂದಿದ್ದ ಏಟುಗಳೂ ಈ ಮರಣಕ್ಕೆ ಕಾರಣವೆಂದು ಹಲವರು ನಂಬಿದ್ದಾರೆ. ಅದೇನೇ ಇರಲಿ, ಸುಳ್ಳಿನ ಸಂತೆಯಲ್ಲಿ ಬಹುಕಾಲ ಕುಳಿತ ಜನಕ್ಕೆ ಸಾಯುತ್ತಿರುವವನ ನೋವೂ ಸುಳ್ಳಾಗಿ ಕಂಡಿತು. ಹುಸಿಕೀರ್ತಿಯ ಪಾಪ ಎಷ್ಟು ದೂರ ಹರಡುವುದೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಡ.

ಅದೇ ವರ್ಷದ ಜೂನ್ 29ರಂದು ಕಾರ್ನೆರಾ ಜ್ಯಾಕ್ ಶಾರ್ಕಿಯನ್ನು ಆರನೆಯ ಸುತ್ತಿನಲ್ಲಿ ಕೆಡವಿ ಜಗಜ್ಜೇತನಾದ. ಮುಂದೆ ಟಾಮಿ ಲಾಫ್ರನ್ ಎಂಬ ನಿಪುಣನನ್ನು ಅಂಕಗಳಿಂದ ಗೆದ್ದ. ಆ ಪಂದ್ಯದಲ್ಲಿ ಇಬ್ಬರ ತೂಕಕ್ಕೂ ಸುಮಾರು 39 ಕಿಲೋ ವ್ಯತ್ಯಾಸ! ಕೊನೆಗೆ 1934ರ ಜೂನ್ 14ರಂದು ಮ್ಯಾಕ್ಸ್ ಬೇರ್ ಎದುರು ನಿಂತ. ಬೇರನ ಬಲಗೈ ಯಾವ ಒಪ್ಪಂದಕ್ಕೂ ಒಳಪಟ್ಟಿರಲಿಲ್ಲ. 11 ಸುತ್ತುಗಳಲ್ಲಿ ಕಾರ್ನೆರಾ 11 ಸಲ ನೆಲಕ್ಕೆ ಬಿದ್ದನೆಂದು ಲೆಕ್ಕ ಹೇಳುತ್ತಾರೆ. ಮರುವರ್ಷ ಎಳೆಯ ಜೋ ಲೂಯಿಸ್ ಅವನನ್ನು ಆರು ಸುತ್ತುಗಳಲ್ಲಿ ಮುಗಿಸಿದ. ಕೋಟಿಗಟ್ಟಲೆ ಜನ ಹೆಸರು ಕೇಳಿದ್ದ ಈ ದೈತ್ಯನ ಕೈಯಲ್ಲಿ ಉಳಿದ ಹಣ ಅತ್ಯಲ್ಪ; ಗಳಿಕೆಯ ಬಹುಭಾಗ ಅವನನ್ನು ಆಡಿಸಿದವರ ಪಾಲಾಗಿತ್ತು.

ಆದರೆ ಕಾರ್ನೆರಾ ಉತ್ತರಕುಮಾರನಲ್ಲ ಎಂಬುದನ್ನು ಮರೆಯಲಾಗದು. ಹನ್ನೊಂದು ಸಲ ಬಿದ್ದವನು ಹತ್ತು ಸಲವಾದರೂ ಎದ್ದಿರಬೇಕಷ್ಟೆ. ಅಷ್ಟು ದೊಡ್ಡ ದೇಹಕ್ಕೆ ಅವನ ಎಡಗೈಯೂ ಕಾಲ್ನಡೆಯೂ ಚುರುಕಾಗಿದ್ದುವೆಂದು ಕಂಡವರು ಹೇಳಿದ್ದಾರೆ. ಸರಿಯಾದ ಗುರುವಿನ ಕೈಯಲ್ಲಿ, ಸರಿಯಾದ ಜೋಡಿಗಳೊಡನೆ ಹಂತಹಂತವಾಗಿ ಬೆಳೆದಿದ್ದರೆ ಅವನು ಏನಾಗುತ್ತಿದ್ದನೋ ಬಲ್ಲವರಾರು? ಅವನಿಗೆ ಅದನ್ನು ತಿಳಿಯುವ ಅವಕಾಶವೇ ದೊರೆಯಲಿಲ್ಲ. 1947ರಲ್ಲಿ ಬಡ್ ಶುಲ್‌ಬರ್ಗ್ ಎಂಬ ಲೇಖಕ ಇಂಥದೇ ದೈತ್ಯನೊಬ್ಬನ ಕಥೆಯನ್ನು ಕಾದಂಬರಿಯಾಗಿ ಬರೆದ; 1956ರಲ್ಲಿ ಅದು ಚಲನಚಿತ್ರವಾಯಿತು. ತನ್ನ ಮಾನ ಹೋಯಿತೆಂದು ಕಾರ್ನೆರಾ ನ್ಯಾಯಾಲಯಕ್ಕೆ ಹೋಗಿ ಅಲ್ಲಿಯೂ ಸೋತ. ಕುಸ್ತಿಯ ಪ್ರದರ್ಶನಗಳಿಂದ ಮತ್ತೆ ಬದುಕು ಕಟ್ಟಿಕೊಂಡು, 1967ರಲ್ಲಿ ಹುಟ್ಟೂರಿನಲ್ಲಿಯೇ ಕಣ್ಣು ಮುಚ್ಚಿದ. ಅಂದು ಕೂಡ ಜೂನ್ 29. ಪಟ್ಟ ಗೆದ್ದ ದಿನವೇ.

ಇನ್ನು ಬಾಯಿಬಡುಕತನದ ವಿಷಯ. ‘ತುಂಬಿದ ಕೊಡ ತುಳುಕುವುದಿಲ್ಲ’ ಎಂಬ ಮಾತಿನ ಆಧಾರದಿಂದ, ಜಂಭ ಕೊಚ್ಚುವವನೆಲ್ಲ ಟೊಳ್ಳು ಎಂದು ತೀರ್ಮಾನಿಸುವ ವಾಡಿಕೆಯಿದೆ. 1964ರ ಫೆಬ್ರವರಿಯಲ್ಲಿ ಅಮೆರಿಕದ ಪತ್ರಕರ್ತರಲ್ಲಿ ಬಹುಮಂದಿ ಇದೇ ತಪ್ಪು ಮಾಡಿದರು. ಆಗ ಕ್ಯಾಸಿಯಸ್ ಕ್ಲೇ ಎಂದು ಹೆಸರಿದ್ದ 22 ವರ್ಷದ ಹುಡುಗ ತನ್ನನ್ನು ತಾನೇ ಹೊಗಳಿಕೊಳ್ಳುತ್ತ ಕುಣಿದಾಡಿದಾಗ, ಸನ್ನಿ ಲಿಸ್ಟನ್ ಎದುರು ಈ ಬಾಯಿ ಒಂದೆರಡು ಸುತ್ತುಗಳಲ್ಲಿ ಮುಚ್ಚುವುದೆಂದು ಬರೆದರು. ಪಣ ಏಳಕ್ಕೆ ಒಂದರಂತೆ ಅವನ ವಿರುದ್ಧವಿತ್ತು. ಏಳನೆಯ ಸುತ್ತಿಗೆ ಲಿಸ್ಟನ್ ಪೀಠದಿಂದ ಏಳಲೇ ಇಲ್ಲ. ಆ ಹುಡುಗನೇ ಮುಂದೆ ಮುಹಮ್ಮದ್ ಅಲಿಯಾದ. ಅವನನ್ನು ದೊಡ್ಡವನನ್ನಾಗಿ ಮಾಡಿದ್ದು ಮಾತಲ್ಲ. ಜೋ ಫ್ರೇಜಿಯರನನ್ನು 3 ಸಲ, ಕೆನ್ ನಾರ್ಟನನನ್ನು 3 ಸಲ ಎದುರಿಸಿದ್ದು, 1974ರಲ್ಲಿ ಎಲ್ಲರೂ ಅಂಜುತ್ತಿದ್ದ ಜಾರ್ಜ್ ಫೋರ್‌ಮನ್‌ನ ಏಟುಗಳನ್ನು ಹಗ್ಗಕ್ಕೊರಗಿ ತಡೆದು ಎಂಟನೆಯ ಸುತ್ತಿನಲ್ಲಿ ಅವನನ್ನೇ ಕೆಡವಿದ್ದು. ಸದ್ದು ಟೊಳ್ಳುತನದ ಲಕ್ಷಣವೂ ಅಲ್ಲ, ಗಟ್ಟಿತನದ ಲಕ್ಷಣವೂ ಅಲ್ಲ. ಅದು ಕೇವಲ ಸದ್ದು.

ಮೈಕಟ್ಟಿನಿಂದ ಅಳೆಯುವುದೂ ಇಂಥದೇ ಭ್ರಮೆ. ಅಂಗಸಾಧನೆಯೆಂದರೆ ಬೆಂಗಳೂರಿನವರಿಗೆ ಕೆ. ವಿ. ಅಯ್ಯರ್ (1897–1980) ಅವರ ಹೆಸರು ನೆನಪಾಗಬೇಕು. ಜೆ. ಸಿ. ರಸ್ತೆಯ ಅವರ ವ್ಯಾಯಾಮಶಾಲೆಯಲ್ಲಿ ಎಷ್ಟೋ ಮಂದಿ ತರುಣರು ಮೈ ಹುರಿಗಟ್ಟಿಸಿಕೊಂಡರು. ಶಿಲ್ಪದಲ್ಲಿ ಕಡೆದಂತಿದ್ದ ಅಯ್ಯರ್ ಅವರ ಭಾವಚಿತ್ರಗಳು ಹೊರದೇಶಗಳಲ್ಲಿಯೂ ಹೆಸರಾದುವು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದವರೂ ಅವರೇ. ಅವರು ಸಾಧಿಸಿದ್ದು ಆರೋಗ್ಯ ಮತ್ತು ಸೌಷ್ಠವಗಳ ಕಲೆ. ಅದು ತಾನೇ ಒಂದು ಪೂರ್ಣವಾದ ಸಾಧನೆ. ಆದರೆ ಸುಂದರವಾದ ತೋಳು ಬೇರೆ, ಕಾದುವ ತೋಳು ಬೇರೆ. ಕಣದಲ್ಲಿ ಬೇಕಾಗುವುದು ದೂರದ ಅಂದಾಜು, ಕಾಲಿನ ಇಡುವಿಕೆ, ಏಟು ಬರುವ ಮುನ್ನ ಅದನ್ನು ಕಾಣುವ ಕಣ್ಣು, ಏಟು ಬಿದ್ದ ಮೇಲೆಯೂ ಕದಡದ ಬುದ್ಧಿ. ಇವು ಯಾವುವೂ ಜಾಹೀರಾತಿನ ಚಿತ್ರದಲ್ಲಿ ಕಾಣುವುದಿಲ್ಲ.

ಮೂರನೆಯ ಭ್ರಮೆ ಸಂಖ್ಯೆಯದು. ಸೋಲಿನ ಕಡೆ ಸೊನ್ನೆಯಿದ್ದರೆ ಸಾಕು, ಅದನ್ನು ದೇವರ ತಲೆಯ ಮೇಲಿನ ಹೂವಿನಂತೆ ಕಾಪಾಡುತ್ತಾರೆ. ರಾಕಿ ಮಾರ್ಸಿಯಾನೊ 49 ಪಂದ್ಯಗಳಲ್ಲಿ 49ನ್ನೂ ಗೆದ್ದು ನಿವೃತ್ತನಾದ. ಆ ಗೆಲವುಗಳಲ್ಲಿ ಜೋ ಲೂಯಿಸನ ಮೇಲಿನ 1951ರ ಗೆಲವೂ ಒಂದು. ಆಗ ಲೂಯಿಸನಿಗೆ 37 ವರ್ಷ, ಪ್ರಾಯ ಮೀರಿತ್ತು. ಆ ಗೆಲವಿನಿಂದ ಮಾರ್ಸಿಯಾನೊನ ಅಳತೆ ಸಿಗದು. ಅಳತೆ ಸಿಗುವುದು 1952ರ ಸೆಪ್ಟೆಂಬರ್‌ನ ರಾತ್ರಿಯಲ್ಲಿ. ಜರ್ಸಿ ಜೋ ವಾಲ್ಕಾಟ್ ಮೊದಲ ಸುತ್ತಿನಲ್ಲಿಯೇ ಅವನನ್ನು ನೆಲ ಕಾಣಿಸಿದ. ಹನ್ನೆರಡು ಸುತ್ತುಗಳು ಮುಗಿದಾಗ ಮೂವರು ತೀರ್ಪುಗಾರರ ಕಾಗದದಲ್ಲಿಯೂ ಮಾರ್ಸಿಯಾನೊ ಹಿಂದೆಯೇ ಇದ್ದ. ಹದಿಮೂರನೆಯದರಲ್ಲಿ ಒಂದೇ ಏಟಿನಿಂದ ಪಟ್ಟ ಗೆದ್ದ. ಫ್ಲಾಯ್ಡ್ ಮೇವೆದರ್ ನಿಜವಾದ ನಿಪುಣನೆಂಬುದರಲ್ಲಿ ಸಂಶಯವಿಲ್ಲ. ಆದರೂ 2017ರಲ್ಲಿ ಅವನ 50ನೆಯ ಗೆಲವು ಬಂದದ್ದು ಅದುವರೆಗೆ ವೃತ್ತಿಪರ ಬಾಕ್ಸಿಂಗಿನಲ್ಲಿ ಒಂದೂ ಪಂದ್ಯ ಆಡಿರದ ಕಾನರ್ ಮೆಕ್‌ಗ್ರೆಗರ್ ಮೇಲೆ. ಐವತ್ತು ಎಂಬ ಸಂಖ್ಯೆ ತುಂಬಿತು. ನಿಪುಣನ ಅಳತೆ ಒಂದು ಅಂಗುಲವೂ ಬೆಳೆಯಲಿಲ್ಲ.

ಸೊನ್ನೆಗಿಂತ ಸೋಲು ಹೆಚ್ಚಿನದನ್ನು ಹೇಳುವ ಸಂದರ್ಭಗಳುಂಟು. ಶುಗರ್ ರೇ ರಾಬಿನ್ಸನ್ 1943ರ ಫೆಬ್ರವರಿ 5ರಂದು ಜೇಕ್ ಲಮೋಟಾನಿಂದ ವೃತ್ತಿಜೀವನದ ಮೊದಲ ಸೋಲನ್ನು ಉಂಡ. ಮೂರು ವಾರ ಕಳೆಯುವಷ್ಟರಲ್ಲಿ ಅದೇ ಲಮೋಟಾನನ್ನು ಮತ್ತೆ ಎದುರಿಸಿ ಗೆದ್ದ. ಇಬ್ಬರೂ ಒಟ್ಟು 6 ಸಲ ಕಾದಿದರು. ರಾಬಿನ್ಸನ್ ಗೆದ್ದದ್ದು 5. ತನ್ನನ್ನು ಕೆಡವಬಲ್ಲವನ ಮನೆಯ ಬಾಗಿಲನ್ನು ಮತ್ತೆ ಮತ್ತೆ ತಟ್ಟುವವನಿಗೆ ಪ್ರಚಾರದ ಹಂಗಿಲ್ಲ. ಭಾರತದ ಮೇರಿ ಕೋಮ್ ಬಾಳಿನಲ್ಲಿಯೂ ಇಂಥದೇ ಒಂದು ಗಟ್ಟಿತನವಿದೆ. 2002ರಿಂದ 2018ರವರೆಗೆ ಆಕೆ 6 ಸಲ ವಿಶ್ವಚಾಂಪಿಯನ್ ಆದರು. 2012ರಲ್ಲಿ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಮಹಿಳೆಯರಿಗೆ ಅವಕಾಶ ದೊರೆತಾಗ ಇದ್ದದ್ದು ಮೂರೇ ತೂಕಗಳು. ಆಕೆಯ ತೂಕ ಅವುಗಳಲ್ಲಿರಲಿಲ್ಲ. 51 ಕಿಲೋ ವರ್ಗಕ್ಕೆ ಏರಿ, ತನಗಿಂತ ದೊಡ್ಡ ಮೈಯವರೊಡನೆ ಕಾದಿ ಕಂಚಿನ ಪದಕ ತಂದರು. ಆಕೆಯ ಹೆಸರಿನ ಚಲನಚಿತ್ರ ಬಂದದ್ದು ಅದಾದ ಮೇಲೆ, 2014ರಲ್ಲಿ. ಮೊದಲು ಸಾಧನೆ, ಬಳಿಕ ಡಂಗುರ, ಕ್ರಮವೆಂದರೆ ಇದು.

ತೀರ್ಪುಗಾರರ ಮಾತೇ ಕೊನೆಯ ಮಾತೆಂದು ನಂಬುವಂತೆಯೂ ಇಲ್ಲ. 1988ರ ಸಿಯೋಲ್ ಒಲಿಂಪಿಕ್ಸಿನ ಅಂತಿಮ ಪಂದ್ಯದಲ್ಲಿ ರಾಯ್ ಜೋನ್ಸ್ 86 ಏಟು ಕೊಟ್ಟು 32 ತಿಂದನೆಂದು ಎಣಿಸಿದವರು ಹೇಳಿದರು. ಆದರೂ ತೀರ್ಪು 3-2ರಿಂದ ಅವನ ವಿರುದ್ಧವಾಯಿತು. ಕರ್ನಾಟಕದ ಓದುಗರಿಗೆ ಹತ್ತಿರದ ಉದಾಹರಣೆ ನಿಶಾಂತ್ ದೇವ್. ಹರಿಯಾಣದಲ್ಲಿ ಹುಟ್ಟಿದರೂ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಕರ್ನಾಟಕದ ಪರವಾಗಿ ಕಾದಿದ ಈ ತರುಣ, 2021ರಲ್ಲಿ ಬಳ್ಳಾರಿ ಸೀಮೆಯಲ್ಲಿ ನಡೆದ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಚಿನ್ನ ಗೆದ್ದರು. 2023ರಲ್ಲಿ ತಾಷ್ಕೆಂಟಿನ ವಿಶ್ವಸ್ಪರ್ಧೆಯಲ್ಲಿ ಕಂಚು ತಂದರು. 2024ರ ಪ್ಯಾರಿಸ್ ಒಲಿಂಪಿಕ್ಸಿನ ಎಂಟರ ಘಟ್ಟದಲ್ಲಿ ಮೆಕ್ಸಿಕೊದ ಮಾರ್ಕೊ ವರ್ಡೆ ಎದುರು ಮೊದಲ ಸುತ್ತನ್ನು ಗೆದ್ದರೂ 4-1ರ ತೀರ್ಪಿನಿಂದ ಸೋತರು. ತೀರ್ಪು ಸರಿಯಲ್ಲವೆಂದು ಹಲವರು ಕೂಗೆಬ್ಬಿಸಿದರು. ಈ ಸೋಲು ಅವರನ್ನು ಸಣ್ಣವರನ್ನಾಗಿ ಮಾಡಲಿಲ್ಲ. ಏಕೆಂದರೆ ಎದುರಿಗಿದ್ದವನು ಆರಿಸಿ ತಂದವನಲ್ಲ, ಚೀಟಿ ಎತ್ತಿದಾಗ ಬಂದವನು.

2025ರ ಜನವರಿಯಲ್ಲಿ ಲಾಸ್ ವೇಗಾಸಿನಲ್ಲಿ ವೃತ್ತಿಪರ ಕಣಕ್ಕಿಳಿದ ನಿಶಾಂತ್, ಮೊದಲ ಪಂದ್ಯವನ್ನು ಮೊದಲ ಸುತ್ತಿನಲ್ಲಿಯೇ ಮುಗಿಸಿದರು. ಹೊಗಳಿಕೆಯ ಮಳೆ ಸುರಿಯುವುದು ಇಂಥ ಹೊತ್ತಿನಲ್ಲಿಯೇ. ವೃತ್ತಿಯ ಆರಂಭದಲ್ಲಿ ಸುಲಭದ ಎದುರಾಳಿಗಳು ದೊರೆಯುವುದು ತಪ್ಪೇನೂ ಅಲ್ಲ. ಗರಡಿಯಲ್ಲಿಯೂ ಎಳೆಯನಿಗೆ ಮೊದಲು ಎಳೆಯನೇ ಜೋಡಿ. ತಪ್ಪಾಗುವುದು ಆ ಮೆಟ್ಟಿಲನ್ನೇ ಉಪ್ಪರಿಗೆಯೆಂದು ಸಾರಿದಾಗ. ವಿಜೇಂದರ್ ಸಿಂಗ್ 2008ರ ಒಲಿಂಪಿಕ್ಸಿನಲ್ಲಿ ಗೆದ್ದ ಕಂಚು ಆ ಆಟದಲ್ಲಿ ಭಾರತಕ್ಕೆ ದೊರೆತ ಮೊದಲ ಪದಕ; ಅದರ ಬೆಲೆಯನ್ನು ಯಾರೂ ಕಡಿಮೆ ಮಾಡಲಾರರು. 2015ರಿಂದ ವೃತ್ತಿಪರ ಕಣದಲ್ಲಿ ಅವರು 12 ಪಂದ್ಯಗಳನ್ನು ಸತತವಾಗಿ ಗೆದ್ದು, 2021ರಲ್ಲಿ ಗೋವೆಯಲ್ಲಿ ಮೊದಲ ಸೋಲು ಕಂಡರು. ಆ ಹನ್ನೆರಡಕ್ಕೂ ಆ ಒಂದು ಕಂಚಿಗೂ ಸಮನಾದ ತೂಕವಿಲ್ಲ. ಒಬ್ಬನೇ ವ್ಯಕ್ತಿಯ ಬಾಳಿನಲ್ಲಿಯೂ ನಿಜವಾದ ಸಾಧನೆ ಯಾವುದು, ಪ್ರಚಾರದ ಉಬ್ಬರ ಯಾವುದು ಎಂದು ಬೇರೆಬೇರೆಯಾಗಿ ತೂಗಬೇಕಾಗುತ್ತದೆ.

ನಿಜವಾದ ಸಾಧಕನೂ ಒಂದು ದಿನ ಹುಸಿಕೀರ್ತಿಗೆ ಬಲಿಯಾಗುವುದುಂಟು. ಆಗ ಅವನನ್ನು ಬಲಿಗೊಡುವುದು ಅವನ ಹಳೆಯ ಹೆಸರೇ. ಅಲಿ 1980ರ ಜನವರಿಯಲ್ಲಿ ಮದರಾಸಿಗೆ ಬಂದು ಪ್ರದರ್ಶನ ಪಂದ್ಯವಾಡಿದಾಗ ಜನ ಕಿಕ್ಕಿರಿದು ನೆರೆದಿದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ, 38ರ ವಯಸ್ಸಿನಲ್ಲಿ, ಅವನನ್ನು ಲ್ಯಾರಿ ಹೋಮ್ಸ್ ಎದುರು ನಿಲ್ಲಿಸಿದರು. ಹತ್ತು ಸುತ್ತುಗಳ ಕಾಲ ಏಟು ತಿಂದ ಅಲಿಯನ್ನು ಕೊನೆಗೆ ಅವನ ಕಡೆಯವರೇ ನಿಲ್ಲಿಸಬೇಕಾಯಿತು. ನಾಲ್ಕು ವರ್ಷಗಳಲ್ಲಿ ಅವನಿಗೆ ಪಾರ್ಕಿನ್ಸನ್ ವ್ಯಾಧಿಯಿದೆಯೆಂದು ಲೋಕಕ್ಕೆ ತಿಳಿಯಿತು. 2024ರ ನವೆಂಬರ್‌ನಲ್ಲಿ 58 ವರ್ಷದ ಮೈಕ್ ಟೈಸನ್‌ನನ್ನು 27 ವರ್ಷದ ಜೇಕ್ ಪಾಲ್ ಮುಂದೆ ನಿಲ್ಲಿಸಿ ಜಗತ್ತಿಗೆಲ್ಲ ತೋರಿಸಿದರು. ಗೆದ್ದ ತರುಣನ ಬಲವೂ ಅದರಿಂದ ತಿಳಿಯಲಿಲ್ಲ, ಸೋತ ಹಿರಿಯನ ಹಿರಿಮೆಯೂ ಅದರಿಂದ ಕುಂದಲಿಲ್ಲ. ಬೆಂಗಳೂರಿನ ದಂಡಿನ ಪ್ರದೇಶದಲ್ಲಿ ನೆಲಸಿದ್ದ ಗನ್‌ಬೋಟ್ ಜ್ಯಾಕ್ ಎಂಬ ಅಮೆರಿಕದ ಕಪ್ಪು ವರ್ಣದ ಬಾಕ್ಸರನ ಹೆಸರು 1930–40ರ ದಶಕಗಳಲ್ಲಿ ಊರಿಗೆಲ್ಲ ಪರಿಚಿತವಾಗಿತ್ತು. ಇಂದು ಅವನ ಹೆಸರು ಉಳಿದಿದೆ; ಯಾರೊಡನೆ ಹೇಗೆ ಕಾದಿದನೆಂಬುದನ್ನು ಬಲ್ಲವರು ವಿರಳ. ಡಂಗುರದ ಸದ್ದು ಅಡಗಿದ ಮೇಲೆ ಹೆಸರು ಮಾತ್ರ ಹೀಗೆ ತೇಲುತ್ತಿರುತ್ತದೆ.

ಇಷ್ಟೆಲ್ಲ ವಿಚಾರ ಗೃಹಸ್ಥರಿಗೆ ಏತಕ್ಕೆ ಎಂದು ಕೇಳುವವರಿರಬಹುದು. ದೂರದೇಶದ ಮಲ್ಲನು ಟೊಳ್ಳಾದರೇನು, ಗಟ್ಟಿಯಾದರೇನು? ಆದರೆ ಇಂದು ಬಡಾವಣೆ ಬಡಾವಣೆಯಲ್ಲಿ ಬಾಕ್ಸಿಂಗ್ ಕಲಿಸುವ ಶಾಲೆಗಳಿವೆ. ಮಧ್ಯಮವರ್ಗದ ಮನೆಗಳ ಹುಡುಗರೂ ಹುಡುಗಿಯರೂ ಅಲ್ಲಿಗೆ ಹೋಗುತ್ತಿದ್ದಾರೆ. ಎರಡು ತಿಂಗಳು ಚೀಲಕ್ಕೆ ಗುದ್ದಿ, ಅದರ ಚಿತ್ರವನ್ನು ನಾಲ್ಕು ಜನಕ್ಕೆ ಕಳುಹಿಸಿ, ಬಂದ ಮೆಚ್ಚುಗೆಯನ್ನು ಎಣಿಸುವುದು ಸುಲಭ. ಚೀಲ ತಿರುಗಿ ಗುದ್ದುವುದಿಲ್ಲ. ತನಗಿಂತ ಬಲ್ಲವನ ಎದುರು ಮೂರು ನಿಮಿಷ ನಿಂತು, ಏಟು ತಿಂದು, ಮರುದಿನ ಮತ್ತೆ ಬರುವುದು ಕಷ್ಟ. ಮಗುವಿನ ಗುರು ಯಾರು, ಅವರು ಯಾವ ಜೋಡಿಯೊಡನೆ ಆಡಿಸುತ್ತಾರೆ, ತಲೆಗೆ ಏಟು ಬಿದ್ದ ದಿನ ಆಟವನ್ನು ನಿಲ್ಲಿಸುತ್ತಾರೆಯೇ ಎಂಬುದನ್ನು ತಾಯಿತಂದೆಗಳು ವಿಚಾರಿಸಬೇಕು. ಬೇಗ ಹೆಸರು ಮಾಡಿಸುತ್ತೇನೆ ಎನ್ನುವ ಗುರುವಿಗಿಂತ, ಇನ್ನೂ ಆರು ತಿಂಗಳು ಕಾಯಲಿ ಎನ್ನುವ ಗುರು ಮೇಲು.

ಹೊಸ ಮಲ್ಲನೊಬ್ಬನ ಹೆಸರು ಕೇಳಿಬಂದಾಗ ಮನೆಯಲ್ಲಿ ನಾಲ್ಕು ಪ್ರಶ್ನೆಗಳನ್ನು ಕೇಳಿದರೆ ಸಾಕು. ಇವನು ಯಾರನ್ನು ಗೆದ್ದ? ಗೆದ್ದಾಗ ಆ ಎದುರಾಳಿಗೆ ಪ್ರಾಯವಿತ್ತೇ, ಸಮನಾದ ತೂಕವಿತ್ತೇ? ಹಿಂದೆ ಬಿದ್ದಾಗ, ಮೈ ನೊಂದಾಗ, ಇವನು ಏನು ಮಾಡಿದ? ತನ್ನನ್ನು ಸೋಲಿಸಬಲ್ಲವನನ್ನು ಇವನು ಹುಡುಕಿಕೊಂಡು ಹೋಗುತ್ತಾನೆಯೇ, ತಪ್ಪಿಸಿಕೊಂಡು ತಿರುಗುತ್ತಾನೆಯೇ? ನಾಲ್ಕಕ್ಕೂ ನೇರವಾದ ಉತ್ತರವಿದ್ದರೆ ಅವನು ಎಷ್ಟೇ ಜಂಭ ಕೊಚ್ಚಲಿ, ಸಾಧಕನೇ ಸರಿ. ಉತ್ತರವಿಲ್ಲದಿದ್ದರೆ ಅವನು ಟೊಳ್ಳೆಂದು ಕೂಡಲೇ ಹೀಯಾಳಿಸಬೇಕಾಗಿಲ್ಲ. ಅವನ ಅಳತೆ ಇನ್ನೂ ಆಗಿಲ್ಲ ಎಂದಷ್ಟೇ ತಿಳಿಯಬೇಕು.

ಏಕೆಂದರೆ ಹುಸಿಕೀರ್ತಿಯ ಸಾಲವನ್ನು ಡಂಗುರ ಹೊಡೆದವನು ತೀರಿಸುವುದಿಲ್ಲ. ಚಪ್ಪಾಳೆ ತಟ್ಟಿದವನೂ ತೀರಿಸುವುದಿಲ್ಲ. ಮೂರು ಮೊಳ ಹಗ್ಗದ ಒಳಗೆ ಒಬ್ಬಂಟಿಯಾಗಿ ನಿಂತವನೇ ತನ್ನ ಮೈಯಿಂದ ಅದನ್ನು ತೀರಿಸಬೇಕು. ಕಾರ್ನೆರಾ ಆ ಸಾಲವನ್ನು ಹನ್ನೊಂದು ಕಂತುಗಳಲ್ಲಿ ತೀರಿಸಿದ. ಸಾಲ ಮಾಡಿದವರು ಬೇರೆಯವರೇ ಆಗಿದ್ದರು.